ಮಗ್ಗದ ಸಪ್ಪಳದ ಮೇಲೊಂದು ಪ್ರಬಂಧ

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ದಾರಿಯಲ್ಲಿರುವ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ಬನಹಟ್ಟಿಯಿಂದ ದಿನಾ ಬಸ್ಸಿಗೆ ಹೋಗಿ ಬರುತ್ತೇನೆ. ಪಕ್ಕದ ಸೀಟಿನವರು ಕೆಲಸ ಏನೆಂದು ಕೇಳಿ, ಲೈಬ್ರರಿ ಎಂದ ಕೂಡಲೇ, "ಛಲೋ ಬಿಡ್ರಿ, ಪುಸ್ತಕ ಕೊಡೂದು, ಇಸಕೊಳ್ಳೂದು, ಆರಾಮ ಕೆಲಸ" ಎನ್ನುತ್ತಾರೆ. ನಾನು ನಗುತ್ತೇನೆ. ಈಗ ನನ್ನ ಅರ್ಧ ಕೆಲಸ ಕಪಾಟಿನಲ್ಲಿಲ್ಲ, ಕಂಪ್ಯೂಟರಿನಲ್ಲಿದೆ. ವಿಶ್ವವಿದ್ಯಾಲಯ ತನ್ನ ಎಲ್ಲ ಕಾಲೇಜುಗಳಿಗೂ ಸಂಶೋಧನಾ ಪತ್ರಿಕೆಗಳನ್ನು ಆನ್‌ಲೈನಿನಲ್ಲಿ ಓದುವ ವ್ಯವಸ್ಥೆ ಮಾಡಿಕೊಟ್ಟಿದೆ. ಆದರೆ ನಮ್ಮಲ್ಲಿ ಬಹಳ ದಿನ ಆ ಕಂಪ್ಯೂಟರುಗಳ ಮುಂದೆ ಕೂತು ಓದಿದವರು ಕಡಿಮೆ. ಪಾಠ, ಪರೀಕ್ಷೆ, ಪೇಪರ್ ತಿದ್ದುವುದರಲ್ಲೇ ಮೇಷ್ಟ್ರುಗಳ ದಿನ ಮುಗಿಯುತ್ತಿತ್ತು.

ಮೆಕ್ಯಾನಿಕಲ್ ವಿಭಾಗದ ಮೇಡಂ ಒಬ್ಬರು ಒಂದು ಮಧ್ಯಾಹ್ನ ನನ್ನ ಟೇಬಲ್ಲಿನ ಎದುರು ಬಂದು ಕೂತರು. ಊರು ಚಿಮ್ಮಡ. ಕೆಲಸ ಮಾಡುತ್ತಲೇ ಪಿಎಚ್‌ಡಿಗೆ ಹೆಸರು ಹಚ್ಚಿದ್ದರು. ಮುಖ ಸಪ್ಪಗಿತ್ತು.

"ಪವರ್‌ಲೂಮ್ ಸಪ್ಪಳದ ಮ್ಯಾಲೆ ಮಾಡಬೇಕಂತ ಮಾಡೀನ್ರಿ. ಸೂಟಿ ತುಂಬ ಹುಡುಕೀನಿ, ಏನೂ ಸಿಗವಲ್ದು. ವಿಷಯಾನ ಬದಲ ಮಾಡ್ರಿ ಅಂತ ಗೈಡ್ ಅನ್ನಾಕತ್ತಾರ."

"ಇದೇ ವಿಷಯ ಯಾಕ ಬೇಕ್ರಿ?" ಎಂದೆ.

"ನಮ್ಮ ಅಪ್ಪ ಬನಹಟ್ಟಿಯೊಳಗ ಮಂದಿ ಮಗ್ಗದ ಮ್ಯಾಲೆ ದುಡದ್ರು. ಈಗ ಅವರ ಜೋಡಿ ಮಾತಾಡಬೇಕಂದ್ರ ಓಣಿಗೆಲ್ಲಾ ಕೇಳಸ್ತೈತಿ."

ನಾನೂ ನೇಕಾರರ ಮನೆಯವಳು. ಕಂಪ್ಯೂಟರ್ ತೆರೆದೆ.

ಅವರು ಒಂದೇ ಪದ ಹಾಕಿ ಹುಡುಕಿದ್ದರು. ನಾವು ಪದ ಬದಲಿಸಿದೆವು. ಮಗ್ಗ ಎನ್ನುವ ಬದಲು ನೇಯ್ಗೆ ಯಂತ್ರ, ಸಪ್ಪಳ ಎನ್ನುವ ಬದಲು ಕಂಪನ, ನೇಕಾರ ಎನ್ನುವ ಬದಲು ಕಾರ್ಮಿಕರ ಕಿವಿ. ಒಂದು ಲೇಖನ ಸಿಕ್ಕರೆ ಅದರ ಕೊನೆಯಲ್ಲಿ ಉಲ್ಲೇಖಿಸಿದ ಹಳೆಯ ಲೇಖನಗಳನ್ನು ಹಿಡಿದು ಹಿಂದೆ ಹೋದೆವು. ಸಂಜೆಯ ಹೊತ್ತಿಗೆ ಓದಲು ಸಾಕಷ್ಟಾಯಿತು. ಆದರೆ ಬಹುಪಾಲು ಲೇಖನಗಳು ಒಂದೇ ಹಳೆಯ ಪ್ರಬಂಧದ ಕಡೆ ಕೈ ತೋರುತ್ತಿದ್ದವು. ನೂಲು ಹೊತ್ತು ಅತ್ತಿತ್ತ ಹಾರುವ ಲಾಳಿಯ ಮಗ್ಗದ ಮೇಲೆ, ನಮ್ಮ ಮನೆಗಳಲ್ಲಿರುವಂಥ ಮಗ್ಗದ ಮೇಲೆಯೇ, ಮಾಡಿದ ಕೆಲಸ ಅದು. ಅದರ ಸಾರಾಂಶ ಮಾತ್ರ ಕಾಣುತ್ತಿತ್ತು, ಪೂರ್ತಿ ಎಲ್ಲಿಯೂ ಇರಲಿಲ್ಲ.

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬರೆದೆ. ಆ ವರ್ಷದ ಸಂಪುಟ ತಮ್ಮಲ್ಲಿಲ್ಲ ಎಂದರು. ಬೇರೆ ಕಡೆ ಗ್ರಂಥಪಾಲಕರಾಗಿರುವ ನನ್ನ ಗೆಳತಿಯರಿಗೆ ಬರೆದೆ, ಅವರಲ್ಲೂ ಇಲ್ಲ. ಮೇಡಂ ಕೈಚೆಲ್ಲಿದರು. ನನಗೆ ಮಾತ್ರ ಒಳಗೊಳಗೇ ಹಟ ಬಂದಿತ್ತು. ಅದೇ ಲೇಖಕರ ನಂತರದ ಲೇಖನವೊಂದರಲ್ಲಿ ಅವರ ಇಮೇಲ್ ವಿಳಾಸ ಸಿಕ್ಕಿತು.

"ಅವರಿಗೇ ಕೇಳಿಬಿಡ್ರಿ," ಎಂದೆ.

"ಅಷ್ಟು ದೊಡ್ಡವರು. ನಮ್ಮಂಥವರಿಗೆ ಉತ್ತರ ಕೊಡ್ತಾರೇನ್ರಿ?"

"ತಾವು ಬರದದ್ದನ್ನ ಯಾರರ ಓದತೀನಂದ್ರ ಯಾರಿಗೆ ಬ್ಯಾಡ ಅನಸ್ತೈತ್ರಿ?"

ಇಬ್ಬರೂ ಕೂತು ಇಂಗ್ಲಿಷಿನಲ್ಲಿ ಪತ್ರ ಬರೆದೆವು. ಕೆಳಗೆ ಮೇಡಂ ತಮ್ಮ ಫೋನ್ ನಂಬರ್ ಹಾಕಿದರು. ದಿನಗಳು ಹೋದವು, ಉತ್ತರ ಬರಲಿಲ್ಲ. ಅಷ್ಟರಲ್ಲಿ ವಿಭಾಗದಿಂದ ಸಪ್ಪಳ ಅಳೆಯುವ ಮೀಟರ್ ಸಿಕ್ಕಿತೆಂದು, ಎರಡನೇ ಶನಿವಾರ ಅವರು ನಮ್ಮ ಮನೆಗೇ ಬಂದರು. ನಮ್ಮ ಹಿತ್ತಲಿನ ಶೆಡ್ಡಿನಲ್ಲಿ ಅಣ್ಣನ ನಾಲ್ಕು ಮಗ್ಗಗಳಿವೆ. ಅಣ್ಣ ಮೊದಲು ಮೀಟರನ್ನೇ ಅನುಮಾನದಿಂದ ನೋಡಿದ.

"ಇದಕ್ಕ ಮಗ್ಗ ನಿಂದ್ರಸಬೇಕೇನ್ರಿ?"

"ಬ್ಯಾಡ್ರಿ ಅಣ್ಣಾರ, ನಿಂತರ ನಮಗ ಕೆಲಸಾನ ಇಲ್ಲ," ಎಂದರು ಮೇಡಂ. ಅವನು ನಕ್ಕ. ಆಮೇಲೆ ತಾನೇ ಸ್ಟೂಲ್ ತಂದಿಟ್ಟ.

ಅಳೆಯುವುದು ಮುಗಿಸಿ ನಡುಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಮೇಡಂ ಅವರಿಗೆ ಫೋನು ಬಂತು. ಪುಣೆಯಿಂದ. ನಿವೃತ್ತರಾದ ಆ ಲೇಖಕರೇ! ಮೇಡಂ ಗಾಬರಿಯಲ್ಲಿ ಎದ್ದು ನಿಂತು ಸ್ಪೀಕರ್ ಹಾಕಿದರು. ಇಂಗ್ಲಿಷಿನಲ್ಲಿ ಎರಡು ಮಾತಾಗುವಷ್ಟರಲ್ಲಿ ಆ ಕಡೆಯಿಂದ ಪ್ರಶ್ನೆ ಬಂತು.

"ನೀವು ಬನಹಟ್ಟಿ ಕಡೆಯವರೇನ್ರಿ? ನಾನು ಸೊಲ್ಲಾಪುರದಾಂವ. ಕನ್ನಡಾನ ಮಾತಾಡ್ರಿ."

ಆಗ ಮೇಡಂ ಮುಖ ನೋಡಬೇಕಿತ್ತು. ಊರಿನ ಹಿರಿಯರೊಬ್ಬರು ಸಿಕ್ಕಂತೆ ಅವರಿಗೆ ಮಾತು ಬಿಚ್ಚಿತು. ಏನು ಅಳೆಯುತ್ತಿದ್ದೇವೆ, ಎಲ್ಲಿ ನಿಂತು ಅಳೆದೆವು, ಎಲ್ಲ ಹೇಳಿದರು.

"ಈಗ ಮಗ್ಗ ನಡದಾವೇನು?"

"ನಡದಾವ್ರಿ ಸರ್, ಇಲ್ಲೇ ಹಿಂದ."

"ಫೋನ್ ಒಂದೀಟು ಅಲ್ಲಿ ಹಿಡೀರಿ. ಭಾಳ ದಿನ ಆತು ಕೇಳಿ."

ಮೇಡಂ ಶೆಡ್ಡಿಗೆ ಹೋಗಿ ಫೋನ್ ಹಿಡಿದು ನಿಂತರು. ನಾವೆಲ್ಲ ಬಾಗಿಲಲ್ಲಿ. ಅಣ್ಣನೂ, ಏನು ನಡೆದಿದೆ ಎಂದು ತಿಳಿಯದೆ, ಗಂಭೀರವಾಗಿ ನಿಂತಿದ್ದ. ಮೇಡಂ ಒಳಗೆ ಬಂದಮೇಲೆ ಫೋನಿನಲ್ಲಿ ಆ ಹಿರಿಯರು ಹೇಳಿದರು.

"ಲಾಳಿ ಹೊಡತ ನೀವು ಅಳದೀರಿ, ಅದು ಬರೋಬರಿ ಐತಿ. ಇನ್ನ ಮಗ್ಗ ನೆಲಾ ನಡಗಸ್ತೈತಲ್ಲ, ಆ ನಡುಕಾನೂ ಅಳೀರಿ. ನಾನು ಅದನ್ನ ಮಾಡಬೇಕಂತಿದ್ದೆ, ಆಗಲಿಲ್ಲ. ನೀವು ಮಾಡ್ರಿ."

ತಮ್ಮ ಪ್ರಬಂಧದ ಪುಟಗಳನ್ನು ಅವರು ಅಂದೇ ಫೋಟೊ ತೆಗೆದು ಕಳಿಸಿದರು. ಒಂದು ಪುಟದ ಮೂಲೆಯಲ್ಲಿ ಅವರ ಹೆಬ್ಬೆರಳೂ ಬಂದಿತ್ತು.

ಅಲ್ಲಿಂದ ಮೇಡಂ ಹಿಂದೆ ತಿರುಗಿ ನೋಡಲಿಲ್ಲ. ಬಿಡುವಿದ್ದಾಗಲೆಲ್ಲ ಲೈಬ್ರರಿಗೆ ಬರುತ್ತಿದ್ದರು. ಮನೆಯಿಂದಲೂ ಪತ್ರಿಕೆಗಳನ್ನು ಓದಲು ಬರುವಂತೆ ನಾನು ಅವರಿಗೆ ಲಾಗಿನ್ ಮಾಡಿಕೊಟ್ಟೆ, ಉಲ್ಲೇಖಗಳನ್ನು ಜೋಡಿಸಿಡುವ ಸಾಫ್ಟ್‌ವೇರ್ ಕಲಿಸಿದೆ. ಬರೆದದ್ದನ್ನು ಪ್ರಕಟಿಸಿಯೇ ಬಿಡುತ್ತೇವೆಂದು ಸಿಹಿಸಿಹಿಯಾಗಿ ಇಮೇಲ್ ಕಳಿಸುವ ಖೊಟ್ಟಿ ಪತ್ರಿಕೆಗಳು ಯಾವುವು, ಖರೆ ಯಾವುವು ಎಂದು ಇಬ್ಬರೂ ಕೂತು ಸೋಸಿದೆವು. ಅತ್ತ ನಮ್ಮ ಶೆಡ್ಡಿನಲ್ಲಿ ಮಗ್ಗದ ಕಾಲಿನ ಕೆಳಗೆ ರಬ್ಬರಿನ ದಪ್ಪ ತುಂಡುಗಳನ್ನು ಇಟ್ಟು, ತೆಗೆದು, ಮತ್ತೆ ಇಟ್ಟು, ನೆಲದ ನಡುಕ ಅಳೆಯುವ ಇನ್ನೊಂದು ಮೀಟರಿನಿಂದ ಮೇಡಂ ಅಳೆದರು. ಅಣ್ಣನೇ ಪಾನಾ ಹಿಡಿದು ನಟ್ಟು ಬಿಗಿಯುತ್ತಿದ್ದ.

ಲಾಳಿಯ ಸಪ್ಪಳ ಹೋಗಲಿಲ್ಲ. ಆದರೆ ನೆಲದ ನಡುಕ ತಗ್ಗಿತು. ಅದನ್ನು ಮೀಟರಿಗಿಂತ ಮೊದಲು ಹೇಳಿದವಳು ಅವ್ವ.

"ಗ್ವಾಡಿ ಮಾಡದಾಗಿನ ತಾಟು ಗಿಲಿಗಿಲಿ ಅನ್ನೂದು ನಿಂತೈತಿ ನೋಡ್ರಿ. ಇದನ್ನೂ ಬರ್ಕೋಳ್ರಿ."

ಮೇಡಂ ಇದನ್ನೆಲ್ಲ ಪ್ರಬಂಧವಾಗಿ ಬರೆದು ಪತ್ರಿಕೆಯೊಂದಕ್ಕೆ ಕಳಿಸಿದರು. ಅದರ ಪರಿಶೀಲಕರು ಎರಡು ಸಲ ಪ್ರಶ್ನೆ ಕೇಳಿ ಕಳಿಸಿದರು, ಎರಡೂ ಸಲ ನಾವು ಮತ್ತೆ ಹುಡುಕಿ, ಮತ್ತೆ ಓದಿ ಉತ್ತರ ಕೊಟ್ಟೆವು. ಪ್ರಬಂಧ ಒಪ್ಪಿತವಾದ ಸುದ್ದಿ ಬಂದಾಗ ಮೇಡಂ ತರಗತಿ ಮುಗಿಸಿ ಓಡುತ್ತಲೇ ಬಂದರು. ಸದ್ದು ಮಾಡಬೇಡಿ ಎಂಬ ಬೋರ್ಡಿನ ಕೆಳಗೆ ನಿಂತು ನಾವಿಬ್ಬರೂ ಜೋರಾಗಿ ನಕ್ಕೆವು.

ಆ ಸಂಜೆ ಅವರ ಜೊತೆ ಚಿಮ್ಮಡಕ್ಕೆ ಹೋದೆ. ಅವರ ಅಪ್ಪ ಕಟ್ಟೆಯ ಮೇಲೆ ಕೂತಿದ್ದರು. ಮಗಳು ಪ್ರಿಂಟ್ ಮಾಡಿದ ಹಾಳೆಗಳನ್ನು ಕೈಗಿಟ್ಟು ಕಿವಿಯ ಹತ್ತಿರ ಹೇಳಿದರು. ಮುದುಕರು ಮಗ್ಗದ ಚಿತ್ರವನ್ನು ಹೊರಳಿಸಿ ಹೊರಳಿಸಿ ನೋಡಿ, ಓಣಿಗೆಲ್ಲ ಕೇಳುವಂತೆ ಕೇಳಿದರು.

"ಸಪ್ಪಳದ ಮ್ಯಾಲೆ ಇಷ್ಟೆಲ್ಲಾ ಬರದಿ?"

"ಹೂಂ ಅಪ್ಪಾ!"

"ಮತ್ತ ಕಡಿಮಿ ಆಕ್ಕೈತೇನು?"

"ನೆಲದ ನಡುಕ ಒಂದೀಟು ಆಗೇತಿ, ಸಪ್ಪಳ ಇಲ್ಲ. ಇನ್ನೂ ಮಾಡಾಕತ್ತೀನಿ."

"ಮಾಡವ್ವಾ, ಮಾಡು," ಎಂದು ಹಾಳೆಗಳನ್ನು ಮಡಚದೆ ಹಾಗೇ ತೊಡೆಯ ಮೇಲೆ ಇಟ್ಟುಕೊಂಡರು.

ಈಗ ಶನಿವಾರದ ಮಧ್ಯಾಹ್ನ ಲೈಬ್ರರಿಯ ಒಂದು ಮೂಲೆ ಸಂಶೋಧನೆ ಮಾಡುವ ಮೇಷ್ಟ್ರುಗಳಿಗೇ ಮೀಸಲು. ಪ್ರಾಂಶುಪಾಲರೇ ಟೇಬಲ್ ಹಾಕಿಸಿಕೊಟ್ಟರು. ಕಳೆದ ವಾರ ಸಿವಿಲ್ ವಿಭಾಗದ ಹೊಸ ಸರ್ ಒಬ್ಬರು ಬಂದು, ಸಕ್ಕರೆ ಕಾರ್ಖಾನೆಯ ಬೂದಿಯನ್ನು ಕಾಂಕ್ರೀಟಿಗೆ ಬೆರೆಸುವ ಬಗ್ಗೆ ಏನಾದರೂ ಸಿಗುತ್ತದೆಯೇ ಎಂದು ಕೇಳಿದರು. ಬೇಕಾದಷ್ಟು ಸಿಗುತ್ತದೆ, ಕುರ್ಚಿ ಎಳೆದುಕೊಳ್ಳಿ ಎಂದೆ.