ಅಕ್ಕೋರ ಹಳದಿ ಪರದೆ

ಇಲ್ಲ, ಎಡಗೈಯೇ ಇರಬೇಕು. ಬಲಗೈಯಲ್ಲಿ ಮಾನಿಟರನ್ನು ತಬ್ಬಿ ಹಿಡಿದು, ಎಡಗೈ ಹೆಬ್ಬೆರಳಿನ ಉಗುರಿನಿಂದ ಕೇಬಲ್ಲಿನ ತುದಿಯ ಪುಟ್ಟ ತಿರುಪನ್ನು ಬಿಗಿಯುತ್ತಿದ್ದರು ಎಂದು ನನ್ನ ನೆನಪು. ಆದರೆ ಅವರು ಬರೆಯುತ್ತಿದ್ದುದು, ಉಣ್ಣುತ್ತಿದ್ದುದು ಎಲ್ಲ ಬಲಗೈಯಲ್ಲಿ. ಇದೊಂದು ಕೆಲಸಕ್ಕೆ ಎಡಗೈ ಯಾಕೆ? ಆ ಉಗುರೊಂದೇ ಉದ್ದವಿತ್ತು, ಒಂದು ಕಡೆ ಸವೆದು ಓರೆಯಾಗಿತ್ತು. ಆ ಓರೆ ಈಗಲೂ ಕಣ್ಣಿಗೆ ಕಟ್ಟುತ್ತದೆ, ಕೈ ಯಾವುದೆಂದು ಮಾತ್ರ ಆಣೆ ಇಟ್ಟು ಹೇಳಲಾರೆ. ಮುಂದೆ ಬರೆಯುವುದನ್ನು ಎಷ್ಟು ನಂಬಬೇಕೆಂದು ಓದುವವರೇ ನೋಡಿಕೊಳ್ಳಲಿ.

ಅವರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದೆವು. ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಅಕ್ಕೋರೇ. ಮೊದಲು ಟೈಪಿಂಗ್ ಕಲಿಸುತ್ತಿದ್ದವರು ಆಮೇಲೆ ಕೊಟ್ಟೂರಿನಲ್ಲಿ, ತಮ್ಮನ ಬೀಜದ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಕ್ಲಾಸು ತೆರೆದರು. ಉಜ್ಜಿನಿ, ಚಿಗಟೇರಿ ಕಡೆಯಿಂದ ಬಸ್ಸು ಹಿಡಿದು ಬರುವವರಿದ್ದರು. ಡಿಗ್ರಿ ಮುಗಿಸಿ ಏನು ಮಾಡಬೇಕೆಂದು ತಿಳಿಯದೆ ನಾನೂ ಹೋಗಿ ಸೇರಿದೆ.

ಮೊದಲ ದಿನ ಯಾರಿಗೂ ಕೀಬೋರ್ಡ್ ಮುಟ್ಟಲು ಬಿಡುತ್ತಿರಲಿಲ್ಲ. ಮೇಜಿನ ಹಿಂದೆ ತೂರಿಸುತ್ತಿದ್ದರು. ಅಲ್ಲಿ ಕತ್ತಲೆ, ಧೂಳು. ಕಂಪ್ಯೂಟರಿನಿಂದ ಪರದೆಗೆ ಚಿತ್ರ ಒಯ್ಯುವ ಕೇಬಲ್ಲು ಯಾವ ಬಗೆಯದೆಂದು ಕಣ್ಣು ಮುಚ್ಚಿಕೊಂಡು ಬೆರಳಿನಿಂದಲೇ ಗುರುತಿಸಬೇಕು. ಎರಡು ಕಡೆ ತಿರುಪಿದ್ದು ಅಗಲವಾಗಿದ್ದರೆ ವಿಜಿಎ. ಇನ್ನೂ ಅಗಲವಾಗಿದ್ದು ಪಕ್ಕದಲ್ಲೊಂದು ಚಪ್ಪಟೆ ಪಟ್ಟಿ ಸಿಕ್ಕರೆ ಡಿವಿಐ. ಕೆಳಗಿನ ಎರಡೂ ಮೂಲೆ ಇಳಿಜಾರಾಗಿದ್ದರೆ ಎಚ್‌ಡಿಎಂಐ, ಒಂದೇ ಮೂಲೆ ಕತ್ತರಿಸಿದಂತಿದ್ದರೆ ಡಿಸ್‌ಪ್ಲೇಪೋರ್ಟ್. ಯಾರಾದರೂ ಜೋರು ಮಾಡಿದರೆ ಮೇಲಿನಿಂದ ದನಿ ಬರುತ್ತಿತ್ತು: “ಒತ್ತಿ ತುರುಕಬ್ಯಾಡ್ರಿ. ಹೋಗವಲ್ದು ಅಂದ್ರ ತಪ್ಪು ನಿಮ್ದೈತಿ, ಅದರದಲ್ಲ.”

ಈ ಕೇಬಲ್ಲುಗಳಲ್ಲಿ ಏನು ವ್ಯತ್ಯಾಸ ಎಂದು ನಾನೇ ಕೇಳಿದ್ದೆ, ಅಥವಾ ನನ್ನ ಪಕ್ಕದವನು ಕೇಳಿದ್ದ. ಅವರ ಉತ್ತರ ಮಾತ್ರ ಹೆಚ್ಚುಕಡಿಮೆ ಹೀಗೇ ಇತ್ತು: “ವಿಜಿಎ ಬಾಯಿಮಾತು ಇದ್ದಂಗ. ಇಲ್ಲಿಂದ ಹೊಸಹಳ್ಳಿಗೆ ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಸುದ್ದಿ ಕಳ್ಸಿದ್ರ ಮುಟ್ಟೋದ್ರಾಗ ಬಣ್ಣ ಬದ್ಲಾಗಿರತೈತಿ. ಎಚ್‌ಡಿಎಂಐ ಅಂದ್ರ ಬರದ ಚೀಟಿ. ಮುಟ್ಟಿದ್ರ ಬರದಂಗ ಮುಟ್ಟತೈತಿ. ಇಲ್ಲಂದ್ರ ಹರದು ಚೂರು ಚೂರಾಗಿರತೈತಿ, ಇಲ್ಲ ಮುಟ್ಟೋದ ಇಲ್ಲ. ಮೆಲ್ಲಕ ಮಸಕಾಗೋದು, ಬಣ್ಣ ಮಾಸೋದು ಚೀಟಿಗಿಲ್ಲ.”

ಒಂದು ಆಯುಧಪೂಜೆಯ ದಿನ ಇದು ಕಣ್ಣಾರೆ ಕಾಣಿಸಿತು. ಹಬ್ಬಕ್ಕೆ ಎಲ್ಲವನ್ನೂ ತೊಳೆಯಬೇಕಲ್ಲ. ನಮ್ಮಲ್ಲೊಬ್ಬ ಭಕ್ತಿಯಿಂದ ವಿಜಿಎ ಕೇಬಲ್ಲನ್ನೇ ಬಿಚ್ಚಿ, ತುದಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ವಿಭೂತಿ ಕುಂಕುಮ ಹಚ್ಚಿ ಮತ್ತೆ ಸಿಕ್ಕಿಸಿದ್ದ. ಪೂಜೆ ಮುಗಿಸಿ, ಮಂಡಕ್ಕಿ ಹಂಚಿ, ಕಂಪ್ಯೂಟರು ಹಾಕಿ ನೋಡಿದರೆ ಪರದೆಯೆಲ್ಲ ಅರಿಶಿನ ಬಳಿದಂತೆ ಹಳದಿ. ದೇವರ ಪ್ರಸಾದ ಎಂದು ಯಾರೋ ನಕ್ಕರು. ಅಕ್ಕೋರು ಪರದೆಯನ್ನೊಮ್ಮೆ ನೋಡಿ, ನೀಲಿ ಬಣ್ಣ ತರುವ ಪಿನ್ನು ಮಣಿದಿದೆ, ನೀಲಿ ಬಾರದಿದ್ದರೆ ಬಿಳಿಯೆಲ್ಲ ಹಳದಿಯಾಗುತ್ತದೆ ಎಂದರು. ತುರುಬಿನಿಂದ ಹೇರ್‌ಪಿನ್ನು ತೆಗೆದು ಅದನ್ನು ನೆಟ್ಟಗೆ ಮಾಡಿದರು. ಪರದೆ ಬೆಳ್ಳಗಾಯಿತು. ತೊಳೆದವನಿಗೆ ಬೈಯಲಿಲ್ಲ. “ನಿನ್ನ ಭಕ್ತಿ ಹೊರಗಿಂದ ಸಾಕಪ್ಪ, ಒಳಗ ಇಳೀಬ್ಯಾಡ” ಎಂದರು, ಅಷ್ಟೆ.

ಅಲ್ಲಿ ಕಲಿತದ್ದರಿಂದಲೇ ನನಗೆ ಕೂಡ್ಲಿಗಿಯ ಒಂದು ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸಂಬಳ ಬರತೊಡಗಿತು, ಕೊಟ್ಟೂರಿಗೆ ಹೋಗುವುದು ಕಡಿಮೆಯಾಯಿತು. ಹೀಗೆ ಕೆಲವು ವರ್ಷ ಕಳೆದ ಮೇಲೆ ಅಕ್ಕೋರ ಫೋನು ಬಂತು. ಕ್ಲಾಸಿನ ಹೊಸ ಮಾನಿಟರು ಹಳದಿಯಾಗಿ, ಮಸುಕಾಗಿ ಕಾಣುತ್ತಿದೆಯಂತೆ. ವಿಜಿಎ ಕೇಬಲ್ಲು ಬದಲಿಸಿ ನೋಡಿದರಂತೆ. ಆಮೇಲೆ ಎಚ್‌ಡಿಎಂಐ ತಂದು ಹಾಕಿದರೂ ಹಾಗೇ ಇದೆಯಂತೆ. ಇಲ್ಲಿ ಸಿಗುವುದೆಲ್ಲ ಡುಪ್ಲಿಕೇಟು ಎಂದರು. “ನೀ ದಿನಾ ಹಚ್ಚಿ ನೋಡಿರೋ ಕೇಬಲ್ ತಗೊಂಡು ಬಾ ತಮ್ಮಾ. ಹೊಸಾದು ಬ್ಯಾಡ.”

ಭಾನುವಾರ ನನ್ನ ಮನೆಯ ಮಾನಿಟರಿನ ಕೇಬಲ್ಲನ್ನೇ ಬಿಚ್ಚಿಕೊಂಡು ಹೋದೆ. ಕ್ಲಾಸಿನಲ್ಲಿ ಇಬ್ಬರು ಹುಡುಗಿಯರು ಟೈಪು ಮಾಡುತ್ತಿದ್ದರು. ಅಕ್ಕೋರು ತೆಳ್ಳಗಾಗಿದ್ದರು, ಮಾತು ಮಾತ್ರ ಹಾಗೇ ಇತ್ತು. ಕೇಬಲ್ಲು ಹಾಕಿ ಖಾಲಿ ಬಿಳಿ ಹಾಳೆಯೊಂದನ್ನು ಪರದೆಯ ಮೇಲೆ ತೆರೆದೆ. ಅವರು ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದರು.

“ಇನ್ನೂ ಹಳದೀನ ಐತಿ. ನಿಂದೂ ಕೆಟ್ಟೈತಿ ನೋಡು,” ಎಂದು ಹುಡುಗಿಯರ ಕಡೆ ತಿರುಗಿದರು. “ಹೌದಲ್ರೇನ?”

“ಹೌದ್ರಿ ಅಕ್ಕೋರೆ,” ಎಂದರು ಇಬ್ಬರೂ, ಒಟ್ಟಿಗೇ.

ಮಾನಿಟರಿನ ಬಣ್ಣದ ಸೆಟ್ಟಿಂಗನ್ನೆಲ್ಲ ತೆರೆದು ನೋಡಿದೆ, ಸರಿಯಾಗಿತ್ತು. ಎದುರಿಗಿದ್ದ ಹಾಳೆ ಸುಣ್ಣ ಬಳಿದ ಗೋಡೆಯಷ್ಟು ಬೆಳ್ಳಗಿತ್ತು. ಹೇಳದೆ ಬೇರೆ ದಾರಿ ಇರಲಿಲ್ಲ.

“ಅಕ್ಕೋರೆ, ನನಗ ಬೆಳ್ಳಗ ಕಾಣಕತ್ತೈತ್ರಿ.”

ಅಕ್ಕೋರು ಮತ್ತೆ ಹುಡುಗಿಯರ ಕಡೆ ತಿರುಗಿದರು. ದೊಡ್ಡ ಹುಡುಗಿ ಮೇಜು ನೋಡುತ್ತ ಹೇಳಿದಳು: “ನಮಗೂ ಮೊದ್ಲಿಂದ ಬೆಳ್ಳಗನ ಕಾಣ್ತಿತ್ರಿ. ನೀವು ಹಳದಿ ಅಂದ್ರಲ್ರಿ, ಅದಕ್ಕ ಹೂಂ ಅಂದ್ವಿ.”

ಇಡೀ ಕ್ಲಾಸು ಮರ್ಯಾದೆಗಾಗಿ ಬಿಳಿಯನ್ನು ಹಳದಿ ಎನ್ನುತ್ತ ಬಂದಿತ್ತು.

ಆಗ ಅಕ್ಕೋರು, “ಚೀಟಿ ಬರೋಬ್ಬರಿ ಮುಟ್ಟೈತಿ, ಓದಾಕಿ ಕಣ್ಣು ಮಾಸ್ಯಾವ” ಎಂದರು ಎಂದು ನಾನು ಬಹಳ ಜನರ ಮುಂದೆ ಹೇಳಿದ್ದೇನೆ. ಇಷ್ಟು ಅಚ್ಚುಕಟ್ಟಾದ ಮಾತನ್ನು ಆ ಗಳಿಗೆಯಲ್ಲಿ ಯಾರಾದರೂ ಆಡುತ್ತಾರೆಯೇ ಎಂದು ಅನುಮಾನ ಹುಟ್ಟಿ, ಮೊನ್ನೆ ಆ ಹುಡುಗಿಯನ್ನೇ ಕೇಳಿದೆ. ಅವಳೀಗ ಹಗರಿಬೊಮ್ಮನಹಳ್ಳಿಯಲ್ಲಿ ಕೆಲಸಕ್ಕಿದ್ದಾಳೆ. ಅಕ್ಕೋರು ಏನೂ ಅನ್ನಲಿಲ್ಲ, ಎದ್ದು ಹೋಗಿ ನೀರು ಕುಡಿದರು ಎಂದಳು. ಅವಳ ಮಾತೇ ನಿಜವಿರಬೇಕು.

ಹುಡುಗಿಯರು ಹೋದ ಮೇಲೆ ಅಕ್ಕೋರು ಆಡಿದ ಮಾತು ಮಾತ್ರ ನನ್ನ ಕಟ್ಟುಕತೆಯಲ್ಲ. “ನಮ್ಮವ್ವಗ ಹಿಂಗ ಶುರುವಾಗಿತ್ತು ತಮ್ಮಾ. ಕಡೀಕ ಗ್ವಾಡಿ ಹಿಡಕೊಂಡು ಓಡ್ಯಾಡತಿದ್ಲು. ನನ್ನ ತಮ್ಮಗ ಹೇಳಬ್ಯಾಡ. ಗೊತ್ತಾದ್ರ ಸಾಕು ಮಾಡು ಅಂತಾನ. ಕ್ಲಾಸ್ ಬಿಟ್ರ ನಾ ಏನು ಮಾಡ್ಲಿ?”

ಅವರಿಗೆ ಕುರುಡಾಗುವ ಭಯಕ್ಕಿಂತ ಆ ಕೋಣೆಗೆ ಬೀಗ ಬೀಳುವ ಭಯವೇ ದೊಡ್ಡದಾಗಿತ್ತು. ಮುಂದಿನ ವಾರ, ಕಂಪ್ಯೂಟರ್ ಸಾಮಾನು ತರಬೇಕು ಎಂದು ಅವರ ಮನೆಯಲ್ಲಿ ಹೇಳಿ, ಇಬ್ಬರೂ ದಾವಣಗೆರೆಯ ಕಣ್ಣಿನ ಆಸ್ಪತ್ರೆಗೆ ಹೋದೆವು. ಡಾಕ್ಟರು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಪೊರೆ ಬಲಿತರೆ ನೀಲಿ ಕಡಿಮೆಯಾಗಿ ಎಲ್ಲವೂ ಹಳದಿ ಎನಿಸುತ್ತದೆ, ತೆಗೆದರೆ ಸರಿಹೋಗುತ್ತದೆ ಎಂದರು. ಅಕ್ಕೋರು ಅದನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡರು.

ಆಪರೇಶನ್ನಿಗೆ ತಮ್ಮನಿಗೆ ಹೇಳಲೇಬೇಕಾಯಿತು. ಆತ ಕ್ಲಾಸು ಮುಚ್ಚುವ ಮಾತೇ ಎತ್ತಲಿಲ್ಲ. ಅಕ್ಕ ಮನೆಯಲ್ಲಿ ಮಲಗಿದ್ದಷ್ಟು ದಿನ ಬೆಳಿಗ್ಗೆ ತಾನೇ ಕೋಣೆಯ ಬಾಗಿಲು ತೆಗೆದು, ಒಂದಕ್ಷರ ಕಂಪ್ಯೂಟರು ಬಾರದಿದ್ದರೂ ಅಕ್ಕನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಹುಡುಗರನ್ನು ಕಾಯುತ್ತಿದ್ದ. ಅಂಗಡಿಗೆ ಗಿರಾಕಿ ಬಂದರೆ ಕೆಳಗಿನಿಂದ ಕೂಗಬೇಕಿತ್ತು.

ಮೊದಲು ಬಲಗಣ್ಣಿನದಾಯಿತು. ಕ್ಲಾಸಿಗೆ ವಾಪಸು ಬಂದ ದಿನ ನಾನೂ ಹೋಗಿದ್ದೆ. ಅಕ್ಕೋರು ಪರದೆಯ ಮುಂದೆ ಕೂತು ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದನ್ನು ಮುಚ್ಚಿ, ಬಹಳ ಹೊತ್ತು ಆಟವಾಡುವವರ ಹಾಗೆ ನೋಡಿದರು. “ಈ ಕಣ್ಣು ಎಚ್‌ಡಿಎಂಐ, ಇದಿನ್ನೂ ವಿಜಿಎ,” ಎಂದರು. ಹುಡುಗಿಯರು ನಕ್ಕರು. ಆಮೇಲೆ ತಮಗೆ ತಾವೇ ಎನ್ನುವಂತೆ ಮೆಲ್ಲಗೆ, “ನೀಲಿ ಇಷ್ಟು ನೀಲಿ ಇತ್ತೇನು?” ಎಂದರು.

ಎಡಗಣ್ಣಿನ ಸರದಿ ಬರಲಿಲ್ಲ. ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಎದೆನೋವು ಎಂದು ಕೂತವರು ಮತ್ತೆ ಏಳಲಿಲ್ಲ. ಹಿಂದಿನ ದಿನವೂ ಪಾಠ ಮಾಡಿದ್ದರಂತೆ. ನನ್ನ ಅನ್ನ ಅವರು ಕಲಿಸಿದ್ದು. ಇದನ್ನು ಅವರ ಎದುರಿಗೆ ಹೇಳಿದ್ದೆನೆಂದೇ ನಂಬಿಕೊಂಡಿದ್ದೇನೆ.

ಒಂದು ಮಾತ್ರ ಬಗೆಹರಿದಿಲ್ಲ. ಬಾಯಿಮಾತಿಗೂ ಚೀಟಿಗೂ ಇರುವ ವ್ಯತ್ಯಾಸ ಹೇಳಿಕೊಟ್ಟವರೇ ಅವರು. ಎಚ್‌ಡಿಎಂಐ ಹಾಕಿದ ಮೇಲೂ ಬಿಳಿ ಹಳದಿಯಾಗಿಯೇ ಉಳಿದಾಗ ತಪ್ಪು ಕೇಬಲ್ಲಿನದಲ್ಲ ಎಂದು ಅವರಿಗೆ ಹೊಳೆಯಲಿಲ್ಲವೇ? ಹೊಳೆದಿದ್ದರಿಂದಲೇ, ಹೂಂ ಎನ್ನದವನೊಬ್ಬ ಬಂದು ಎದುರಿಗೆ ಹೇಳಿಬಿಡಲಿ ಎಂದು ನನ್ನನ್ನು ಕರೆಸಿದರೇ? ಇಲ್ಲವೇ ಹೆದರಿಕೆಯಲ್ಲಿ ತಮ್ಮ ಪಾಠವನ್ನೇ ಮರೆತು ನಿಜಕ್ಕೂ ಕೇಬಲ್ಲನ್ನೇ ಅನುಮಾನಿಸಿದ್ದರೇ? ದಾವಣಗೆರೆಗೆ ಹೋಗುವಾಗ ಬಸ್ಸಿನಲ್ಲಿ ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಗೊತ್ತಿಲ್ಲ.