ಗಿಡಕ್ಕೆ ಒಂದೇ ಮೊಗ್ಗು

ಧಾರವಾಡದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ಫೇಬಿ ಮೇಡಂಗೆ ಸಿಟ್ಟು ಮೂಗಿನ ತುದಿಯಲ್ಲೇ. ಕಾಡುಗಿಡಗಳ ಪರಾಗವನ್ನು ಮೈಕ್ರೋಸ್ಕೋಪಿನಲ್ಲಿಟ್ಟು ಒಂದೊಂದರ ಮುಳ್ಳು, ಗೀರು, ತೂತು ನೋಡಿ ಬರೆದಿಡುವುದು ಅವರ ಕೆಲಸ. ಅದನ್ನು ಧೂಳು ಎಂದವರಿಗೂ, ಆ ಹೊತ್ತಿನಲ್ಲಿ ಫ್ಯಾನ್ ಹಾಕಿದವರಿಗೂ ಮಂಗಳಾರತಿ ತಪ್ಪದು. ಕಾರ್ಖಾನೆಗಳ ನಡುವೆ ಉಳಿದಿರುವ ಎರಡೆಕರೆ ಕಾಡನ್ನು 'ಖಾಲಿ ಜಾಗ' ಎಂದು ಬರೆದ ಸಾಹೇಬರ ಮುಂದೆ ಕವಳಿ ಹೂವಿನ ಪರಾಗದ ಫೋಟೊ ಹಿಡಿದು, "ಇಂಥಾವು ನಲವತ್ತಾರು ನಮೂನಿ ಅದಾವ್ರಿ ಅಲ್ಲೆ. ಖಾಲಿ ಇರೋದು ನಿಮ್ಮ ತಲಿ!" ಎಂದು ಬಂದವರು ಅವರು. ವಿದ್ಯಾರ್ಥಿಗಳು ನಿಜವಾಗಿ ನಡುಗುವುದು ಆ ಕಾಡಿನೊಳಗೆ. ಪರಾಗಕ್ಕೆಂದು ಗಿಡಕ್ಕೆ ಒಂದೇ ಮೊಗ್ಗು ಕೀಳಬೇಕು, ಅದು ಮೇಡಂ ಕಟ್ಟಳೆ, ಎರಡನೆಯದಕ್ಕೆ ಯಾರದಾದರೂ ಕೈ ಹೋಯಿತೋ, "ಅದು ಕಾಯಿ ಆಗೋದು ಬ್ಯಾಡೇನ?" ಎಂಬ ಗುಡುಗಿಗೆ ಕೊಂಬೆಯ ಹಕ್ಕಿಯೂ ಹಾರಬೇಕು. ಕಳೆದ ಸೋಮವಾರ ಹೋದಾಗ ಮರಗಳ ಮೇಲೆ ಕೆಂಪು ನಂಬರುಗಳಿದ್ದವು, ರಸ್ತೆಯಲ್ಲಿ ಜೆಸಿಬಿ ನಿಂತಿತ್ತು. ಮೇಡಂ ಯಾರಿಗೂ ಬೈಯಲಿಲ್ಲ. ಎಲ್ಲರ ಕೈಗೂ ಕಾಗದದ ಚೀಲ ಕೊಟ್ಟು, ಹಲ್ಲು ಕಚ್ಚಿ ಹೇಳಿದರು: "ಒಂದೂ ಬಿಡಬ್ಯಾಡ್ರಿ. ಎಲ್ಲಾ ಹರಕೊಳ್ರಿ."