ನೆಲದ ಮೇಲೆ ಕೂರುತ್ತಿದ್ದ ನರ್ಸಮ್ಮ

ಹೊನ್ನವಳ್ಳಿಯ ನರ್ಸಮ್ಮ ಮಲಬದ್ಧತೆಯ ಮಕ್ಕಳ ಎದುರು ನೆಲದ ಮೇಲೇ ಕೂರುತ್ತಿದ್ದರು. ನೋವಿಗೆ ಹೆದರಿ ನಾಲ್ಕು ದಿನ ತಡೆದುಕೊಂಡಿದ್ದ ನನ್ನ ಮಗಳಿಗೆ, ಊಟವಾದ ಮೇಲೆ ಕಾಲಡಿ ಮಣೆಯಿಟ್ಟು ಕಮೋಡಿನ ಮೇಲೆ ಕೂರುವುದನ್ನು ತಾವೇ ತೋರಿಸಿ, "ಅವಸ್ರ ಇಲ್ಲ ಕಣೇ" ಎನ್ನುತ್ತಿದ್ದರು.

ಹೊಟ್ಟೆ ಸಲೀಸಾದದ್ದೇ ತಡ, ನಾನು ಡಾಕ್ಟರು ಬರೆದ ಸಿರಪ್ಪು ನಿಲ್ಲಿಸಿದೆ. ವಾರದಲ್ಲಿ ಮತ್ತೆ ಕಟ್ಟಿತು; ಮಗಳು ಬಾಗಿಲ ಹಿಂದೆ ನಿಂತು ಅತ್ತಳು.

"ಅಟ್ಟಕ್ಕೆ ಹಾಕಿದ ಕಾಯಿನ ವಾರಕ್ಕೇ ಇಳ್ಸಿದ್ರೆ ಕೊಬ್ರಿ ಆಯ್ತದೇನ್ರೀ? ಡಾಕ್ಟ್ರು ಸಾಕು ಅನ್ನೋಗಂಟ ಕೊಡಿ," ಎಂದರು ನರ್ಸಮ್ಮ.

"ಸಿರಪ್ಪೇ ಅಭ್ಯಾಸವಾದರೆ?" ಎಂದೆ.

"ಹೆದ್ರಿಕೆ ಅಭ್ಯಾಸ ಆಗೈತೆ, ಮೊದ್ಲು ಅದನ್ನ ಬುಡುಸ್ರೀ."

ಈ ಮಾತನ್ನು ಅವರು ಹೀಗೇ ಅಂದರೋ, ನಾನೇ ಕಟ್ಟಿಕೊಂಡೆನೋ, ಈಗ ಹೇಳಲಾರೆ. ಆದರೆ ಸಿರಪ್ಪು ಮತ್ತೆ ಶುರುಮಾಡಿದ ಕೆಲವು ತಿಂಗಳ ಮೇಲೆ ಮಗಳು ಟಾಯ್ಲೆಟ್ಟಿನಿಂದ ಕೂಗಿದ್ದು ಖಚಿತ: "ಅಪ್ಪಾ, ಬಾಗಿಲ ಹತ್ರ ನಿಂತ್ಕೋಬೇಡ, ನಾನು ಹಾಡು ಹೇಳ್ತಿದೀನಿ."